ನಾನು ಒಳಗೆ ಎಳೆದ ಗೆರೆ

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಗಾಮಾ ಕ್ಯಾಮೆರಾ ನಡೆಸೋದು ನನ್ನ ಕೆಲಸ. ಮುಗಾ ಸ್ಕ್ಯಾನ್ ಅಂದರೆ ನಮ್ಮಲ್ಲಿ ಹೆಚ್ಚಾಗಿ ಕೀಮೋ ಶುರುವಾಗೋ ಮುಂಚೆ ಹೃದಯದ ಪಂಪಿಂಗ್ ನೋಡೋದು. ಕೆಲವು ಕೀಮೋ ಔಷಧಗಳು ಹೃದಯವನ್ನು ಸೊರಗಿಸುತ್ತವೆ, ಹಾಗಾಗಿ ಡಾಕ್ಟರಿಗೆ ಇಎಫ್, ಅಂದರೆ ಒಂದು ಬಡಿತಕ್ಕೆ ಹೃದಯ ತನ್ನಲ್ಲಿರೋ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅಂತ ಒಂದು ಸಂಖ್ಯೆ ಬೇಕು. ಆ ಸಂಖ್ಯೆ ಕೊಟ್ಟರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಆಳಂದ ಕಡೆಯ ಒಬ್ಬ ಅಕ್ಕ ಬಂದಿದ್ದರು. ಮೊದಲು ತವರದ ಲವಣದ ಇಂಜೆಕ್ಷನ್, 20 ನಿಮಿಷ ಬಿಟ್ಟು ಟೆಕ್ನೀಷಿಯಂ, ಅಂದರೆ ಗಾಮಾ ಕ್ಯಾಮೆರಾಕ್ಕೆ ಕಾಣುವ ವಿಕಿರಣ ಸೂಸುವ ವಸ್ತು. ಆಗ ಅದು ಕೆಂಪು ರಕ್ತಕಣಕ್ಕೆ ಅಂಟಿಕೊಂಡು ರಕ್ತದ ಜೊತೆ ತಿರುಗುತ್ತದೆ. ಕಾಯುವ ಹೊತ್ತಿನಲ್ಲಿ ಅಕ್ಕ ಅಂದರು: "ತಮ್ಮಾ, ಒಮ್ಮೊಮ್ಮೆ ಎದಿ ಡಬಡಬ ಅಂತದ. ಕಣ್ಣಿಗಿ ಕತ್ಲಿ ಬರ್ತದ, ಮತ್ತ ತಾನೇ ನಿಂದರ್ತದ."

"ಹೆದರಿಕಿಗಿ ಹಂಗ ಆಗ್ತದ್ರಿ ಅಕ್ಕಾ," ಅಂದುಬಿಟ್ಟೆ. ಕ್ಯಾನ್ಸರ್ ಅಂತ ಕೇಳಿದವರ ಎದೆ ಹೊಡ್ಕೊಳ್ಳದೆ ಇರುತ್ತಾ?

ಎದೆಗೆ ಅಂಟಿಸಿದ ಎಲೆಕ್ಟ್ರೋಡ್‌ನಿಂದ ಆರ್ ಅಲೆ (ಇಸಿಜಿಯಲ್ಲಿ ಪ್ರತಿ ಬಡಿತದ ಎತ್ತರದ ಮೊನೆ) ಬಂದಾಗಲೆಲ್ಲ ಕ್ಯಾಮೆರಾ ವಿಕಿರಣದ ಎಣಿಕೆಯನ್ನು ಮೊದಲಿನಿಂದ ಶುರು ಮಾಡುತ್ತದೆ. ಹೀಗೆ ನೂರಾರು ಬಡಿತ ಒಂದರ ಮೇಲೊಂದು ಸೇರಿ, ಒಂದೇ ಬಡಿತದ 24 ಚಿತ್ರಗಳಾಗುತ್ತವೆ. ಅದರಿಂದಲೇ ಕಂಪ್ಯೂಟರ್ ಫೇಸ್ ಚಿತ್ರ ತೆಗೆಯುತ್ತದೆ. ಹೃದಯದ ಯಾವ ಭಾಗ ಯಾವಾಗ ಕುಗ್ಗಲು ಶುರು ಮಾಡಿತು ಅನ್ನೋದು ಅಲ್ಲಿ ಬಣ್ಣವಾಗಿ ಕಾಣುತ್ತದೆ. ಎರಡೂ ವೆಂಟ್ರಿಕಲ್ (ಹೃದಯದ ಕೆಳಗಿನ ಕೋಣೆಗಳು) ಹೆಚ್ಚುಕಡಿಮೆ ಒಂದೇ ಬಣ್ಣ ಇರಬೇಕು.

ಅಕ್ಕನ ಚಿತ್ರದಲ್ಲಿ ಎಡ ವೆಂಟ್ರಿಕಲ್‌ನ ಹೊರ ಅಂಚಿನಲ್ಲಿ, ಬುಡದ ಹತ್ತಿರ, ಉಗುರಿನಷ್ಟು ಬೇರೆ ಬಣ್ಣ. ಮೇಲಿನ ಕೋಣೆ ಏಟ್ರಿಯಂ ಇಣುಕಿದೆ ಅಂತ, ಲೆಕ್ಕಕ್ಕಾಗಿ ವೆಂಟ್ರಿಕಲ್ ಸುತ್ತ ಎಳೆಯುವ ಗೆರೆಯನ್ನು ಒಂದಿಷ್ಟು ಒಳಗೆ ಎಳೆದೆ. ಬಣ್ಣ ಹೋಯಿತು. ಇಎಫ್ 62. ಚೊಕ್ಕ ವರದಿ!

ಸಂಜೆ ನಮ್ಮ ಡಾಕ್ಟರು ಗೆರೆಯನ್ನು ವಾಪಸ್ ಹೊರಗೆ ತಂದು ಆ ಜಾಗದ ಮೇಲೆ ಕರ್ಸರ್ ಇಟ್ಟರು. ಸುತ್ತಲಿನದಕ್ಕಿಂತ 25 ಡಿಗ್ರಿ ಮುಂದೆ. "ಏಟ್ರಿಯಂ ಆಗಿದ್ರ ಅರ್ಧ ಚಕ್ರ, 180 ಡಿಗ್ರಿ ಆಚಿಗಿ ಇರಬೇಕಿತ್ತಲ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಿಷಕ್ಕೆ 75 ಬಡಿತ ಅಂದರೆ ಒಂದು ಚಕ್ರಕ್ಕೆ 800 ಮಿಲಿಸೆಕೆಂಡು. 25 ಡಿಗ್ರಿ ಅಂದರೆ ಸುಮಾರು 55. ಆ ಮೂಲೆ ಅಷ್ಟು ಬೇಗ ಕುಗ್ಗುತ್ತಿತ್ತು.

ಫೈಲಿನಲ್ಲಿದ್ದ ಇಸಿಜಿ ತೆಗೆದರು. ಪಿಆರ್ ಅಂತರ, ಅಂದರೆ ವಿದ್ಯುತ್ತು ಏಟ್ರಿಯಂನಿಂದ ವೆಂಟ್ರಿಕಲ್ ತಲುಪುವ ಹೊತ್ತು, ಮೂರು ಸಣ್ಣ ಚೌಕವೂ ಇಲ್ಲ. ಕ್ಯೂಆರ್‌ಎಸ್ ಅನ್ನೋ ವೆಂಟ್ರಿಕಲ್ ಅಲೆ ನೆಟ್ಟಗೆ ಏಳುವ ಬದಲು ಇಳಿಜಾರು ಹತ್ತಿದ ಹಾಗೆ, ಅದೇ ಡೆಲ್ಟಾ ಅಲೆ. 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಮೂವರೂ ಸೇರಿ ವಿವರಿಸಿದ ತೊಂದರೆ. ವಿದ್ಯುತ್ತು ಮೇಲಿನ-ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್‌ನಲ್ಲಿ ತಡೆದು ಕೆಳಗಿಳಿಯಬೇಕು; ಇಲ್ಲಿ ಹುಟ್ಟಿನಿಂದಲೇ ಇದ್ದ ಸ್ನಾಯುವಿನ ಎಳೆಯೊಂದು ಕಳ್ಳದಾರಿ ಆಗಿತ್ತು. ಇಂಥವರಿಗೆ ಏಟ್ರಿಯಲ್ ಫಿಬ್ರಿಲೇಷನ್ (ಏಟ್ರಿಯಂ ಲಯ ತಪ್ಪಿ ಅದುರೋದು) ಬಂದ ಹೊತ್ತಿನಲ್ಲಿ ಗೊತ್ತಿಲ್ಲದೆ ಎವಿ ನೋಡನ್ನು ನಿಧಾನ ಮಾಡುವ ವೆರಪಾಮಿಲ್ ಔಷಧ ಕೊಟ್ಟರೆ ಜೀವಕ್ಕೇ ಕುತ್ತು.

ಕ್ಯಾಮೆರಾ ವಿದ್ಯುತ್ತನ್ನು ನೋಡಲ್ಲ, ಗೋಡೆ ಅಲುಗಾಡೋದನ್ನು ನೋಡುತ್ತದೆ ಅಷ್ಟೇ. ಎಳೆ ಖಚಿತವಾಗಿ ಎಲ್ಲಿದೆ ಅಂತ ಹೃದಯದೊಳಗೆ ತಂತಿ ಇಳಿಸಿ ವಿದ್ಯುತ್ತನ್ನು ನೋಡುವ ಇಪಿ ಸ್ಟಡಿಯಲ್ಲೇ ಗೊತ್ತಾಗೋದು. ಆದರೆ ಆ ಇಸಿಜಿ ಬೆಳಗ್ಗೆಯಿಂದ ನನ್ನ ಮೇಜಿನ ಮೇಲೇ ಇತ್ತು. ಮಾನಿಟರ್‌ನಲ್ಲೂ ನಾನು ನೋಡಿದ್ದು ಆರ್ ಅಲೆ ಎತ್ತರವಾಗಿದೆಯೋ, ಬಡಿತಕ್ಕೆ ಸರಿಯಾಗಿ ಎಣಿಕೆ ಶುರುವಾಗುವ ಗೇಟಿಂಗ್ ಹಿಡಿಯುತ್ತಿದೆಯೋ ಅಂತ ಮಾತ್ರ. ಈಗ ಆ 20 ನಿಮಿಷ ಇಸಿಜಿ ಹಿಡಿದು ರೋಗಿಯ ಪಕ್ಕ ಕೂರುತ್ತೇನೆ.

ಕೆಲವು ತಿಂಗಳ ಮೇಲೆ ಅಕ್ಕ ಮತ್ತೆ ಮುಗಾಕ್ಕೆ ಬಂದರು. ಹೈದರಾಬಾದಿಗೆ ಹೋಗಿ ಆ ಎಳೆ ಸುಡಿಸಿಕೊಂಡಿದ್ದರು. "ಹೆದರಿಕಿಗಿ ಅಂದಿದ್ದಿ ಅಲ್ಲ ತಮ್ಮಾ?" ಅಂತ ನಕ್ಕರು. ನಾನು ತಲೆ ತಗ್ಗಿಸಿ ಎಲೆಕ್ಟ್ರೋಡ್ ಅಂಟಿಸಿದೆ. ಈ ಸಲ ಆ ಮೂಲೆಯೂ ಉಳಿದದ್ದರ ಬಣ್ಣವೇ ಆಗಿತ್ತು.