ಶೇ. 0.2ರ ಗೆರೆ ಎಲ್ಲಿಂದ ಹೊರಡಬೇಕು

ಇಂದಿನ ಮಧ್ಯಾಹ್ನವೆಲ್ಲ ಟೆನ್ಸೈಲ್ ಪರೀಕ್ಷೆಯ (ಕಂಬಿಯನ್ನು ಎಳೆದು ಅದರ ಬಲ ಅಳೆಯುವ ಪರೀಕ್ಷೆ) ಸಾಫ್ಟ್‌ವೇರ್‌ನಲ್ಲಿ ಹೊಸ ಟೆಂಪ್ಲೇಟ್ ಒಂದನ್ನು ಸಿದ್ಧಪಡಿಸುವುದರಲ್ಲೇ ಕಳೆಯಿತು. ಪರೀಕ್ಷೆಗಿದ್ದದ್ದು 16 ಮಿ.ಮೀ. ವ್ಯಾಸದ, ಎಫ್‌ಇ 500 ಎಂಬ ಬಲದ ದರ್ಜೆಯ, ಕಾಂಕ್ರೀಟಿಗೆ ಬಳಸುವ ಟಿಎಂಟಿ ಉಕ್ಕಿನ ಕಂಬಿ. ಯಂತ್ರ ಕೊಡುವುದು ಬಲ ಮತ್ತು ಹಿಗ್ಗುವಿಕೆಯ ಸಾಲುಸಾಲು ಅಂಕಿಗಳನ್ನಷ್ಟೇ. ಅವುಗಳಲ್ಲಿ ಯಾವುದು ಫಲಿತಾಂಶ ಎಂಬುದನ್ನು ನಾವೇ ವ್ಯಾಖ್ಯಾನಿಸಿ ಬರೆದುಕೊಡಬೇಕು.

ಗರಿಷ್ಠ ಬಲವನ್ನು ಗುರುತಿಸುವುದು ಸುಲಭ. ಕಷ್ಟವಿರುವುದು ಪ್ರೂಫ್ ಸ್ಟ್ರೆಸ್‌ನಲ್ಲಿ, ಅಂದರೆ ಕಂಬಿ ಶೇ. 0.2ರಷ್ಟು ಶಾಶ್ವತವಾಗಿ ಹಿಗ್ಗುವಾಗಿನ ಸ್ಟ್ರೆಸ್‌ನಲ್ಲಿ (ಸ್ಟ್ರೆಸ್ ಎಂದರೆ ಪ್ರತಿ ಚದರ ಮಿ.ಮೀ. ಮೇಲೆ ಬೀಳುವ ಬಲ). ಕಂಬಿ ಶಾಶ್ವತವಾಗಿ ಹಿಗ್ಗತೊಡಗುವ ಯೀಲ್ಡ್ ಬಿಂದು ಸ್ಪಷ್ಟವಾಗಿ ಕಾಣದಿದ್ದಾಗ, ಶೇ. 0.2 ಸ್ಟ್ರೈನ್‌ನ (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗುವಿಕೆ) ಬಿಂದುವಿನಿಂದ ಸ್ಟ್ರೆಸ್-ಸ್ಟ್ರೈನ್ ವಕ್ರರೇಖೆಯ ಆರಂಭದ ನೇರ ಭಾಗಕ್ಕೆ ಸಮಾನಾಂತರವಾಗಿ ಗೆರೆ ಎಳೆದು, ಅದು ವಕ್ರರೇಖೆಯನ್ನು ಕತ್ತರಿಸುವಲ್ಲಿನ ಸ್ಟ್ರೆಸ್ ಅನ್ನು ಓದುತ್ತೇವೆ. ಆದರೆ ಗ್ರಿಪ್‌ನಲ್ಲಿ ಕಂಬಿ ಕೊಂಚ ಜಾರಿ ಕೂರುವಾಗ ಮೂಡುವ ಬಾಗನ್ನೂ ನೇರ ಭಾಗದೊಳಗೆ ಸೇರಿಸಿಕೊಂಡರೆ, ಗೆರೆಯ ಇಳಿಜಾರು ತಗ್ಗಿ ಉತ್ತರವೇ ಬದಲಾಗುತ್ತದೆ. ನನ್ನ ಮೊದಲ ವ್ಯಾಖ್ಯೆಯಲ್ಲಿ ಆದದ್ದು ಇದೇ. ಆಮೇಲೆ ಕಂಬಿಗೇ ಕಚ್ಚಿಸಿ ಹಿಗ್ಗುವಿಕೆ ಅಳೆಯುವ ಎಕ್ಸ್‌ಟೆನ್ಸೋಮೀಟರ್‌ನ ಅಳತೆಯನ್ನಷ್ಟೇ ಆಧರಿಸಿ, ಇಳಿಜಾರಿನ ವ್ಯಾಪ್ತಿಯನ್ನು ಪ್ರತಿ ಚದರ ಮಿ.ಮೀ.ಗೆ 100ರಿಂದ 250 ನ್ಯೂಟನ್‌ಗಳ ನಡುವೆ ಕಟ್ಟಿಹಾಕಿದೆ.

ಸ್ಟ್ರೆಸ್ ಪಡೆಯಲು ಬಲವನ್ನು ಭಾಗಿಸುವ, ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣದ ವಿಷಯವೂ ಅಷ್ಟೇ ಮುಖ್ಯ. ವ್ಯಾಸದ ಲೆಕ್ಕದಲ್ಲಿ ಅದು 201 ಚದರ ಮಿ.ಮೀ.; ಆದರೆ ಇಂಥ ಕಂಬಿಗಳಿಗಿರುವ ಭಾರತೀಯ ಮಾನಕ ಐಎಸ್ 1786ರ ಪ್ರಕಾರ ಕಂಬಿಯನ್ನು ತೂಗಿ, ತೂಕ ಮತ್ತು ಉದ್ದದಿಂದ ಪಡೆದ ವಿಸ್ತೀರ್ಣವನ್ನೇ ಬಳಸಬೇಕು.

ಈ ಕಂಬಿಗಳ ಬಲದ ಮೇಲೆ ಯಾರದೋ ಮನೆಯ ತಾರಸಿ ನಿಲ್ಲುತ್ತದೆ. ವರದಿಯಲ್ಲಿ ಒಂದೇ ಅಂಕಿಯನ್ನು ನೋಡುವ ಎಂಜಿನಿಯರ್‌ಗೆ ಅದರ ಹಿಂದಿನ ವ್ಯಾಖ್ಯೆ ಕಾಣುವುದಿಲ್ಲ ಎಂಬ ಯೋಚನೆ ಬಹಳ ಹೊತ್ತು ಕಾಡಿತು. ಹಾಗಾಗಿ ಫಲಿತಾಂಶದ ಕೆಳಗೇ ಇಳಿಜಾರಿನ ವ್ಯಾಪ್ತಿಯೂ ವಿಸ್ತೀರ್ಣದ ವಿಧಾನವೂ ಅಚ್ಚಾಗುವಂತೆ ಮಾಡಿದ್ದೇನೆ.