ಆರು ಕ್ವಿಂಟಾಲ್ ಕೊಬ್ಬರಿ, ನಾಲ್ಕು ದಿನದ ಎಣ್ಣೆ

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಕೊಬ್ಬರಿ ಮಂಡಿ ಇತ್ತು. ವ್ಯಾಪಾರ ನಮ್ಮ ಯಜಮಾನರದು, ಲೆಕ್ಕ ನನ್ನದು. 22 ವರ್ಷ ಬರೆದಿದ್ದೇನೆ. ಮಂಡಿ ಮುಚ್ಚಿದರೂ ಚಾಳಿ ಹೋಗಿಲ್ಲ. ಯಾರಾದರೂ ಏನಾದರೂ ರೇಟು ಹೇಳಿದರೆ ನನ್ನ ತಲೆಯಲ್ಲಿ ಅದು ಮೊದಲು ಕೊಬ್ಬರಿಗೆ ತಿರುಗುತ್ತದೆ. ಮೊಮ್ಮಗಳ ಸ್ಕೂಲ್ ಫೀಸು ಇಷ್ಟು ಕ್ವಿಂಟಾಲ್, ಸೊಸೆಯ ಬಳೆ ಇಷ್ಟು ಕ್ವಿಂಟಾಲ್, ಹೀಗೆ.

ಇಂಥವಳನ್ನು ಹಡಗು ಹತ್ತಿಸಿದ್ದು ನನ್ನ ತಮ್ಮ. ಅವನು ಇರೋದು ಸಿಂಗಪುರದಲ್ಲಿ. 2024ರ ಫೆಬ್ರವರಿಯಲ್ಲಿ ನಾವಿಬ್ಬರೂ ಹೋಗಿದ್ದೆವು. ಜೊತೆಗೆ ಯಜಮಾನರ ಗೆಳೆಯ ಪುಟ್ಟಸ್ವಾಮಣ್ಣ, ಅವರ ಮಗ. ಸಿಂಗಪುರದಿಂದ ಹೊರಟು ಪೆನಾಂಗ್, ಲಂಕಾವಿ ನೋಡಿಕೊಂಡು ವಾಪಸ್. ನಾಲ್ಕು ರಾತ್ರಿ. ರೂಮು, ಮೂರು ಹೊತ್ತು ಊಟ, ಸಂಜೆಗೆ ಹಾಡು ಕುಣಿತ ಎಲ್ಲಾ ಸೇರಿಸಿ ಟಿಕೆಟ್ಟು. ಅದೂ ಸಿಂಗಪುರದ ಒಳ್ಳೆ ಹೋಟೆಲಿನಲ್ಲಿ ಬರೀ ರೂಮಿಗೆ ಕೇಳುವಷ್ಟು. ಮಂಡಿಯವರಿಗೆ ಇಂಥ ರೇಟು ಕಂಡರೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಇಷ್ಟಕ್ಕೇ ಕೊಟ್ಟರೆ ಇವರಿಗೆ ಗಿಟ್ಟೋದು ಎಲ್ಲಿ?

ಉತ್ತರ ಹೊರಡೋದಕ್ಕೆ ಎರಡು ದಿನ ಮೊದಲೇ ಸಿಕ್ಕಿತು. ತಮ್ಮ ಲ್ಯಾಪ್‌ಟಾಪ್ ತೆರೆದು, 'ಭಾವ, ನಿಮಗೆ ಡ್ರಿಂಕ್ಸ್ ಪ್ಯಾಕೇಜ್ ಬೇಕಾ?' ಅಂದ.

ನಮ್ಮ ಯಜಮಾನರು ದೊಡ್ಡ ಕುಡುಕರೇನಲ್ಲ. ವಾರಕ್ಕೆ ಎರಡು ಸಲ, ಎರಡೆರಡು ಪೆಗ್. ಬೇಸಿಗೆಯಲ್ಲಿ ಒಂದೊಂದು ಬಿಯರ್. ಮಡಿಚಿದ ಬಟ್ಟೆ ಚೀಲ ಹಿಡಿದು ಎಂಎಸ್‌ಐಎಲ್ ಅಂಗಡಿಗೆ ಹೋಗಿ ಎಂಆರ್‌ಪಿಗೆ ತರುತ್ತಾರೆ. 2023ರ ಜುಲೈ ಬಜೆಟ್ಟಿನಲ್ಲಿ ಬ್ರಾಂದಿ, ವಿಸ್ಕಿ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿತಲ್ಲ, ಬಿಯರ್‌ದು ಶೇ. 175ರಿಂದ 185 ಆಯಿತಲ್ಲ, ಅವತ್ತಿಂದ ನಾನು ಫ್ರೀ ಬಸ್ ಹತ್ತಿದಾಗೆಲ್ಲ 'ನಿನ್ನ ಟಿಕೆಟ್ ದುಡ್ಡು ನನ್ನ ಕ್ವಾರ್ಟರ್‌ನಲ್ಲಿ ಹಿಡ್ಕೊಂಡಿದ್ದಾರೆ' ಅನ್ನುತ್ತಾರೆ. ಒಂದು ದೊಡ್ಡ ಬಾಟಲಿ ಬಿಯರ್ ನಮ್ಮಲ್ಲಿ ಆಗ 180 ರೂಪಾಯಿ ಆಸುಪಾಸು. ಅದಕ್ಕೇ ಅವರ ಹೊಟ್ಟೆ ಉರಿಯುತ್ತಿತ್ತು.

ಹಡಗಿನ ಪ್ಯಾಕೇಜು ಹೀಗಿತ್ತು. ಒಬ್ಬರಿಗೆ ದಿನಕ್ಕೆ 70 ಅಮೆರಿಕನ್ ಡಾಲರ್ ಕಟ್ಟಿಬಿಟ್ಟರೆ ಆಮೇಲೆ ಒಂದೊಂದು ಗ್ಲಾಸಿಗೂ ಬೇರೆ ದುಡ್ಡಿಲ್ಲ. ಅದರ ಮೇಲೆ ಶೇ. 18 ಸರ್ವಿಸ್ ಚಾರ್ಜ್. ಒಟ್ಟು 82 ಡಾಲರ್ 60 ಸೆಂಟ್. ಒಂದೇ ದಿನಕ್ಕೆ ತಗೋತೀನಿ ಅಂದರೆ ಆಗಲ್ಲ, ಪೂರ್ತಿ ನಾಲ್ಕು ದಿನಕ್ಕೂ ತಗೋಬೇಕು. ಡಾಲರಿಗೆ 83 ರೂಪಾಯಿ ಹಿಡಿದು ನಾನು ಲೆಕ್ಕ ಹಾಕಿದೆ. 27,423 ರೂಪಾಯಿ.

'ಇನ್ನೊಂದು ವಿಷ್ಯ ಇದೆ ಅಕ್ಕ' ಅಂದ ತಮ್ಮ, ನನ್ನ ಮುಖ ನೋಡದೆ. 'ಒಂದೇ ರೂಮಲ್ಲಿ ಇರೋರಲ್ಲಿ ಒಬ್ಬರು ತಗೊಂಡ್ರೆ ಇನ್ನೊಬ್ಬರೂ ತಗೋಬೇಕು.'

'ನಾನು ಮಜ್ಜಿಗೆ ಕುಡಿಯೋಳು ಕಣೋ!'

'ಗೊತ್ತು. ಆದ್ರೂ ತಗೋಬೇಕು. ಇಲ್ದಿದ್ರೆ ಒಬ್ರು ತಗೊಂಡು ಇಬ್ರೂ ಕುಡೀತಾರೆ ಅಂತ ಅವರಿಗೆ ಭಯ.'

ಇಬ್ಬರದೂ ಸೇರಿ 54,846 ರೂಪಾಯಿ. ಆಗ ಮಾರ್ಕೆಟ್ಟಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 9 ಸಾವಿರದ ಹತ್ತಿರ ಓಡುತ್ತಿತ್ತು. ಆರು ಕ್ವಿಂಟಾಲ್! ಕಾಯಿ ಕೆಡವಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು, ಒಡೆದು, ಆರಿಸಿ ಚೀಲ ತುಂಬಿಸಿದ ಆರು ಕ್ವಿಂಟಾಲ್. ಕೊಬ್ಬರಿಯಿಂದ ಎಣ್ಣೆ ತೆಗೆಯೋದು ಗೊತ್ತಿತ್ತು. ಈ ಎಣ್ಣೆ ತೆಗೆಯೋದು ಗೊತ್ತಿರಲಿಲ್ಲ. ನಾನು ಬೇಡವೇ ಬೇಡ ಅಂದೆ. ಯಜಮಾನರು ಸುಮ್ಮನಾದರು. ಪುಟ್ಟಸ್ವಾಮಣ್ಣ ಮಾತ್ರ 'ಒಂದು ಸಲ ಬರೋದು ಅತ್ತಿಗೆ, ಲೆಕ್ಕ ನೋಡಬಾರದು' ಅಂತ ತಮಗೂ ಮಗನಿಗೂ ತಗೊಂಡೇಬಿಟ್ಟರು.

ಹಡಗು ಹತ್ತುವ ಹಿಂದಿನ ಸಂಜೆ ತಮ್ಮ ಮನೆ ಹತ್ತಿರದ ಕಾಫಿ ಶಾಪ್‌ಗೆ ಕರೆದುಕೊಂಡು ಹೋಗಿದ್ದ. ಹೆಸರಿಗೆ ಕಾಫಿ ಶಾಪು. ಅಲ್ಲಿ ಅನ್ನ, ನೂಡಲ್ಸು, ಬಿಯರು ಎಲ್ಲ ಒಂದೇ ಸೂರಿನ ಕೆಳಗೆ. 633 ಎಂಎಲ್ ಬಾಟಲಿಗೆ 8 ಸಿಂಗಪುರ ಡಾಲರ್ ಕೊಟ್ಟ. ನಮ್ಮ ದುಡ್ಡಿನಲ್ಲಿ 496. 'ಇಲ್ಲಿ ಸುಂಕ ಜಾಸ್ತಿ ಭಾವ' ಅಂದ. ಬಾಟಲಿಯಲ್ಲಿರೋ ಶುದ್ಧ ಆಲ್ಕೋಹಾಲ್ ಎಷ್ಟು ಅಂತ ಲೆಕ್ಕ ಹಾಕಿ ಸುಂಕ ಹಾಕುತ್ತಾರಂತೆ. ವಿಸ್ಕಿ, ವೈನಿಗೆ ಆ ಆಲ್ಕೋಹಾಲಿನ ಲೀಟರಿಗೆ 88 ಸಿಂಗಪುರ ಡಾಲರ್. ರಾತ್ರಿ ಹತ್ತೂವರೆ ಆದ ಮೇಲೆ ಅಂಗಡಿಯಲ್ಲಿ ಮಾರೋ ಹಾಗೂ ಇಲ್ಲ. ಯಜಮಾನರು ಅರ್ಧ ಗ್ಲಾಸು ಹೀರಿ, 'ಇದಕ್ಕಿಂತ ನಮ್ಮ ಸರ್ಕಾರವೇ ವಾಸಿ' ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಹಡಗು ಅಂದರೆ ಹಡಗಲ್ಲ ಅದು, ತೇಲುವ ಊರು. ವರ್ಣಿಸೋಕೆ ಹೋಗಲ್ಲ, ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಒಳಗೆ ದುಡ್ಡು ಅನ್ನೋದೇ ಕಾಣಲ್ಲ. ರೂಮಿನ ಕೀಲಿಯಾಗಿ ಒಂದು ಕಾರ್ಡು ಕೊಡುತ್ತಾರೆ, ಏನು ತಗೊಂಡರೂ ಅದನ್ನೇ ತೋರಿಸೋದು. ಜೇಬಿನಿಂದ ನೋಟು ತೆಗೆದು ಎಣಿಸಿ ಕೊಟ್ಟಾಗ ಆಗೋ ಸಂಕಟ ಇದರಲ್ಲಿ ಇಲ್ಲ. ನೀರು, ಟೀ, ಕಾಫಿ, ನಿಂಬೆ ಪಾನಕ ಪುಕ್ಕಟೆ. ಕೋಕ್‌ಗೆ ಕೂಡ ದುಡ್ಡು.

ಮೊದಲ ಸಂಜೆ ಯಜಮಾನರು ಒಂದೇ ಒಂದು ಬಿಯರ್ ತರಿಸಿದರು. 330 ಎಂಎಲ್. ನಮ್ಮೂರಿನ ಬಾಟಲಿಯಲ್ಲಿ ಅರ್ಧ. ಚೀಟಿ ಬಂತು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಬಿಯರ್ 8.50. ಸರ್ವಿಸ್ ಚಾರ್ಜ್ 1.53. ಒಟ್ಟು 10.03. ಅದರ ಕೆಳಗೆ 'ಟಿಪ್' ಅಂತ ಬರೆದು ಮುಂದೆ ಖಾಲಿ ಗೆರೆ. ಅದರ ಕೆಳಗೆ ಇನ್ನೊಮ್ಮೆ 'ಒಟ್ಟು', ಅದೂ ಖಾಲಿ. ಯಜಮಾನರು ಪೆನ್ನು ತೆಗೆದು ಆ ಗೆರೆ ಮೇಲೆ 2 ಅಂತ ಬರೆಯೋಕೆ ಹೊರಟರು. ಕೈ ಹಿಡಿದೆ. 'ಟಿಪ್ಸು ಮೇಲೇ ಹಿಡ್ಕೊಂಡಿದ್ದಾರೆ ರೀ, ಇದು ಎರಡನೇದು.' ಮಂಡಿಯಲ್ಲಿ ತೂಕದಲ್ಲಿ ಒಂದು ಸಲ ಸೂಟು, ಅಂದರೆ ಕಡಿತ, ಹಿಡಿದು ಚೀಟಿಯಲ್ಲಿ ಇನ್ನೊಂದು ಸಲ ಸೂಟು ಹಿಡಿಯೋರನ್ನು ನೋಡಿದ್ದೆ. ಅದೇ ಜಾತಿ ಇದು.

10 ಡಾಲರ್ 3 ಸೆಂಟ್ ಅಂದರೆ 832 ರೂಪಾಯಿ. ಅವರು ಆ ಬಿಯರನ್ನು ಮುಕ್ಕಾಲು ಗಂಟೆ ಕುಡಿದರು, ಪಾಪ. ಕೊನೆಗೆ ಅದು ಕಾದ ನೀರಿನ ಹಾಗಾಗಿತ್ತು.

ಪೆನಾಂಗ್ ನೋಡಿದೆವು. ಬಿಸಿಲು, ಹಳೇ ಬೀದಿಗಳು, ಚೆನ್ನಾಗಿತ್ತು.

ಈ ಕಡೆ ಪುಟ್ಟಸ್ವಾಮಣ್ಣನ ಕಥೆ ಕೇಳಿ. ಅವರಿಗೆ ಎರಡನೇ ದಿನವೇ ಗೊತ್ತಾಗಿತ್ತು: ದಿನಕ್ಕೆ 82.60 ಕೊಟ್ಟಿದ್ದೀವಿ, ಬಿಯರ್ ಒಂದಕ್ಕೆ 10.03. ಎಂಟು ಕುಡಿದರೆ ಕೊಟ್ಟ ದುಡ್ಡು ಹೆಚ್ಚುಕಮ್ಮಿ ಸರಿಹೋಯಿತು, ಒಂಬತ್ತನೆಯದರಿಂದ ಲಾಭ. ಆದರೆ ಊರು ನೋಡೋಕೆ ಇಳಿದ ದಿನ ಎಂಟು ಕುಡಿಯೋದು ಹೇಗೆ? ಪೆನಾಂಗ್ ದಿನ ನಾಲ್ಕೇ ಆಯಿತು. ಆ ಬಾಕಿ ಅವರ ತಲೆ ಮೇಲೆ ಕೂತುಬಿಟ್ಟಿತು. ಲಂಕಾವಿಯಲ್ಲಿ ಕೆಳಗೆ ಇಳಿಯಲೇ ಇಲ್ಲ. 'ನೀವು ಹೋಗಿಬನ್ನಿ, ನಾನು ಇಲ್ಲೇ ಇರ್ತೀನಿ' ಅಂತ ಬೆಳಿಗ್ಗೆ ಹತ್ತಕ್ಕೇ ಈಜುಕೊಳದ ಪಕ್ಕ ಕೂತರು.

ನಾವು ಇಳಿದೆವು. ಲಂಕಾವಿ ಮಲೇಷ್ಯಾದ ದ್ವೀಪ. 1987ರಿಂದ ಅದು ಸುಂಕವಿಲ್ಲದ ಊರು. ಪಂತಾಯ್ ಚೆನಾಂಗ್ ಅನ್ನೋ ಕಡಲತೀರದ ರಸ್ತೆಯಲ್ಲಿ ನಮ್ಮ ಕಡೆ ಬೇಕರಿಗಳು ಇರುವ ಹಾಗೆ ಡ್ಯೂಟಿ ಫ್ರೀ ಅಂಗಡಿಗಳು. ಚಾಕಲೇಟು, ಪಾತ್ರೆ, ಸೂಟ್‌ಕೇಸು, ನಡುವೆ ಗೋಡೆಯಷ್ಟು ಎತ್ತರಕ್ಕೆ ಬಿಯರ್ ಕ್ಯಾನು. 320 ಎಂಎಲ್ ಕ್ಯಾನಿಗೆ 4 ರಿಂಗಿಟ್. ರಿಂಗಿಟ್‌ಗೆ ಆಗ ಹದಿನೇಳೂವರೆ ರೂಪಾಯಿ. ಅಂದರೆ 70 ರೂಪಾಯಿ. ನಮ್ಮೂರಿಗಿಂತ ಅಗ್ಗ!

ಯಜಮಾನರು ಅಂಗಡಿ ಮುಂದಿನ ಕಟ್ಟೆ ಮೇಲೆ ಕೂತು ಒಂದು ಕ್ಯಾನ್ ತೆರೆದರು. ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ, ಜೆಟ್ಟಿಯಲ್ಲಿ ನಮ್ಮ ಹಡಗು ನಿಂತಿತ್ತು. ಅಲ್ಲಿ 832, ಇಲ್ಲಿ 70. ಹಡಗಿಗೆ ಹೋಗೋ ಮಾಲಿಗೂ ಸುಂಕ ಇಲ್ಲ, ಇಲ್ಲಿಗೆ ಬರೋ ಮಾಲಿಗೂ ಸುಂಕ ಇಲ್ಲ. ಇಷ್ಟು ದಿನ ಎಣ್ಣೆ ದುಬಾರಿ ಅಂದರೆ ಸರ್ಕಾರದ ಸುಂಕ ಅಂತಲೇ ನಾವು ಅಂದುಕೊಂಡಿದ್ದು. ಹಾಗಾದರೆ ಇದು? ಎದುರಿಗೆ ನೋಡಿದೆ. ಸಾಲಾಗಿ ನಾಲ್ಕು ಅಂಗಡಿ. ಒಬ್ಬ ರೇಟು ಏರಿಸಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ. ಹಡಗಿನಲ್ಲಿ ಪಕ್ಕದವನು ಅಂದರೆ ಸಮುದ್ರ. ನಮ್ಮ ಎಪಿಎಂಸಿ ಟೆಂಡರಿನಲ್ಲಿ ಖರೀದಿಗೆ ಒಬ್ಬನೇ ನಿಂತ ದಿನ ರೈತನ ಗತಿ ಏನಾಗುತ್ತೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಜಮಾನರ ತಲೆ ಓಡಿತು. ಒಂದು ಲೀಟರ್ ವಿಸ್ಕಿ ಬಾಟಲಿ, 110 ರಿಂಗಿಟ್. 1,925 ರೂಪಾಯಿ. 'ರೂಮಲ್ಲಿ ಕೂತು ಕುಡೀತೀನಿ, ಯಾರು ಕೇಳ್ತಾರೆ?' ಅಂತ ತಗೊಂಡರು. ಹಡಗಿನ ಬಾಗಿಲಲ್ಲೇ ಕೇಳಿದರು. ಬ್ಯಾಗು ಸ್ಕ್ಯಾನಿಗೆ ಹೋಯಿತು, ಹುಡುಗಿಯೊಬ್ಬಳು ನಗುನಗುತ್ತಾ ಬಾಟಲಿ ತೆಗೆದು ಪಕ್ಕಕ್ಕಿಟ್ಟು ಚೀಟಿ ಕೊಟ್ಟಳು. ಕೊನೇ ರಾತ್ರಿ ವಾಪಸ್ ಕೊಡುತ್ತಾರಂತೆ. ಚಪ್ಪಲಿ ಸ್ಟ್ಯಾಂಡಿನ ಟೋಕನ್ ಹಿಡಿದ ಹಾಗೆ ಆ ಚೀಟಿ ಹಿಡಿದುಕೊಂಡು ನಮ್ಮವರು ಒಳಗೆ ಬಂದರು.

ಮೇಲೆ ಹೋದರೆ ಪುಟ್ಟಸ್ವಾಮಣ್ಣ ಕುರ್ಚಿ ಮೇಲೆ ಬಾಯಿ ತೆರೆದು ಮಲಗಿದ್ದರು. ಹೊಟ್ಟೆ ಮೇಲೆ ಅವತ್ತಿನ ಕಾರ್ಯಕ್ರಮದ ಹಾಳೆ. ಅದರ ಹಿಂದೆ ಪೆನ್ನಿನಲ್ಲಿ ಗೆರೆಗಳು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಕಾಯಿ ಎಣಿಸುವಾಗ ಗೋಡೆ ಮೇಲೆ ಹಾಕುತ್ತಾರಲ್ಲ, ಹಾಗೆ. ಅಡ್ಡ ಗೆರೆ ಆದ ಮೇಲೆ ಇನ್ನೆರಡು ಗೆರೆ. ಎರಡನೆಯದು ಸೊಟ್ಟಗೆ ಹೋಗಿ ಹಾಳೆಯ ಅಂಚಿಗೆ ಬಿದ್ದಿತ್ತು.

'ಏಳಕ್ಕೇ ನಿಂತುಬಿಟ್ರಾ ಅಣ್ಣ?' ಅಂದೆ.

ಕಣ್ಣು ಬಿಟ್ಟು, 'ಇನ್ನೊಂದು ಬಾಕಿ ಇದೆ ಅತ್ತಿಗೆ' ಅಂದರು. ದನಿಯಲ್ಲಿ ಸಾಲಗಾರನ ದೈನ್ಯ.

ನಾವು ಮಾತಾಡೋದು ಕೇಳಿ ಬಾರಿನ ಹುಡುಗ ಹತ್ತಿರ ಬಂದ. 'ನೀವು ಕನ್ನಡದವರಾ?' ಮಂಗಳೂರಿನವನು. ಎಂಟು ತಿಂಗಳ ಕಾಂಟ್ರಾಕ್ಟ್ ಅಂತೆ. ನಾನು ಬಿಡುತ್ತೇನೆಯೇ? ಇಷ್ಟೊಂದು ರೇಟು ಯಾಕಪ್ಪ ಅಂತ ಕೇಳಿಯೇಬಿಟ್ಟೆ. ಅವನು ಆಚೀಚೆ ನೋಡಿ ನಕ್ಕ. 'ಎಂತ ಮಾಡುದು ಆಂಟಿ, ಟಿಕೆಟ್ ಕಡಿಮೆ ಮಾಡಿ ಜನ ತುಂಬಿಸ್ತಾರೆ. ಮತ್ತೆ ಬಾರು, ಕ್ಯಾಸಿನೊ, ಟೂರು. ಅದರಲ್ಲೇ ಅವರಿಗೆ ಆಗುದು.' ಹಾಗೇ ಪುಟ್ಟಸ್ವಾಮಣ್ಣನ ಕಡೆ ನೋಡಿ ದನಿ ತಗ್ಗಿಸಿದ. 'ಪ್ಯಾಕೇಜ್ ತಗೊಂಡವರು ಮೊದಲ ದಿನ ಕುಡಿತಾರೆ. ಮತ್ತೆ ಆಗುದಿಲ್ಲ. ಅವರಿಗೆ ಗೊತ್ತುಂಟು ಅದು.'

ಎಂಟನೆಯ ಗೆರೆ ಬೀಳಲಿಲ್ಲ. ರಾತ್ರಿ ಊಟಕ್ಕೂ ಅವರು ಬರಲಿಲ್ಲ. ಮರುದಿನ ಇಡೀ ದಿನ ಸಮುದ್ರದ ಮೇಲೆ. ಎಲ್ಲರಿಗಿಂತ ಜಾಸ್ತಿ ಕುಡಿಯಬೇಕಾಗಿದ್ದ ಆ ದಿನ ಅವರು ಮೊಸರನ್ನ, ನಿಂಬೆ ಪಾನಕದಲ್ಲಿ ಕಳೆದರು. ಪಾನಕ ಪುಕ್ಕಟೆ ಅಂತ ನಾನು ನೆನಪಿಸಲಿಲ್ಲ. ಯಜಮಾನರು ಆ ರಾತ್ರಿ ಒಂದು ವಿಸ್ಕಿ ಕುಡಿದರು, 12 ಡಾಲರ್. ಮೇಲಿನದೂ ಸೇರಿ 14.16. ಅಂದರೆ 1,175 ರೂಪಾಯಿ. ಅದೂ ನಮ್ಮ 60ರ ಪೆಗ್ ಅಲ್ಲ, ಅದಕ್ಕಿಂತ ಕಡಿಮೆ.

ಕೊನೇ ರಾತ್ರಿ ಬಾಟಲಿ ವಾಪಸ್ ಬಂತು. ಬೆಳಿಗ್ಗೆ ಸಿಂಗಪುರದಲ್ಲಿ ಇಳಿಯೋ ಹೊತ್ತಿಗೆ ತಮ್ಮನ ಫೋನು. 'ಭಾವ ಬಾಟಲಿ ಏನಾದ್ರೂ ತಗೊಂಡಿದ್ದಾರಾ? ಮಲೇಷ್ಯಾದಿಂದ ಬರೋರಿಗೆ ಇಲ್ಲಿ ಡ್ಯೂಟಿ ಫ್ರೀ ಇಲ್ಲ. ಹೇಳದೆ ದಾಟಿದ್ರೆ ದಂಡ.' ನಮ್ಮವರು ಸುಂಕದ ಮಾಲು ಇಲ್ಲದವರು ಹೋಗೋ ಹಸಿರು ಬೋರ್ಡಿನ ಕಡೆಗೇ ಹೆಜ್ಜೆ ಹಾಕುತ್ತಿದ್ದರು. ತೋಳು ಹಿಡಿದು ಕೆಂಪು ಬೋರ್ಡಿನ ಕಡೆ ಎಳೆದೆ. ಒಂದು ಲೀಟರ್, ಶೇ. 40 ಆಲ್ಕೋಹಾಲ್, ಸುಂಕ 35.20 ಸಿಂಗಪುರ ಡಾಲರ್. ಬಾಟಲಿ ಬೆಲೆಯೇ 31 ಡಾಲರ್. ಎರಡರ ಮೇಲೂ ಶೇ. 9 ಜಿಎಸ್‌ಟಿ. ಕಟ್ಟಿದ್ದು ಒಟ್ಟು 41 ಡಾಲರ್ ಚಿಲ್ಲರೆ, ಸುಮಾರು 2,550 ರೂಪಾಯಿ. ಕೌಂಟರಿನವನು ಮರ್ಯಾದೆಯಿಂದ ರಸೀದಿ ಕೊಟ್ಟ. ಆ ರಸೀದಿ ಇನ್ನೂ ನನ್ನ ಹತ್ತಿರ ಇದೆ.

ಬಾಟಲಿ ತಿಪಟೂರಿಗೆ ಬಂತು. ಎರಡು ತಿಂಗಳು ಶೋಕೇಸಿನಲ್ಲಿ, ಮೊಮ್ಮಗಳ ಕಪ್ಪುಗಳ ಪಕ್ಕದಲ್ಲಿ ಇತ್ತು. ತೆರೆಯೋಕೆ ಯಜಮಾನರಿಗೆ ಮನಸ್ಸು ಬರುತ್ತಿರಲಿಲ್ಲ. ಯುಗಾದಿ ಮುಗಿದು ಹೊಸತೊಡಕಿನ ದಿನ ಪುಟ್ಟಸ್ವಾಮಣ್ಣ ಮನೆಗೆ ಬಂದರು. ಒಲೆ ಮೇಲೆ ಮಟನ್ ಸಾರು ಕುದಿಯುತ್ತಿತ್ತು. ಅವರು ಶೋಕೇಸಿನ ಕಡೆ ನೋಡಿದರು. ಯಜಮಾನರು ನನ್ನ ಕಡೆ ನೋಡಿದರು. 'ತೆಗೀರಿ ಅತ್ಲಾಗೆ' ಅಂದೆ.

ಇಬ್ಬರೂ ಮೊದಲ ಗುಟುಕು ಹಾಕಿದ ಮೇಲೆ ನಾನು ಅಡುಗೆಮನೆಯಿಂದಲೇ ಹೇಳಿದೆ, ಸುಂಕ ಎಲ್ಲ ಸೇರಿ ಬಾಟಲಿ 4,477 ಬಿತ್ತು, ಪೆಗ್ಗಿಗೆ 268 ರೂಪಾಯಿ ಅಂತ.

ಪುಟ್ಟಸ್ವಾಮಣ್ಣ ಗ್ಲಾಸು ಕೆಳಗಿಟ್ಟರು. 'ಹಡಗಲ್ಲಿ ಎಷ್ಟು ಅಂದ್ರಿ ಅತ್ತಿಗೆ ಇದು?'

'1,175.'

ಸ್ವಲ್ಪ ಹೊತ್ತು ತುಟಿಯಲ್ಲೇ ಲೆಕ್ಕ ಹಾಕಿದರು. ಆಮೇಲೆ ಗ್ಲಾಸನ್ನು ಯಜಮಾನರ ಮುಂದೆ ತಳ್ಳಿದರು.

'ಪೆಗ್ಗಿಗೆ 900 ಉಳೀತದೆ ಕಣಯ್ಯ. ಇನ್ನೊಂದು ಹಾಕು.'