ರುಸ್ಕಿ ದ್ವೀಪದ ಹನ್ನೆರಡು ಅಂಗುಲದ ಫಿರಂಗಿಗಳು: ಹೋಗಬಯಸುವವರಿಗೆ ಕೆಲವು ಮಾತು

ರಷ್ಯಾದ ನೌಕಾಪಡೆಯ 1907ರ ಮಾದರಿಯ ಹನ್ನೆರಡು ಅಂಗುಲದ ಫಿರಂಗಿಯನ್ನು ನೋಡಬೇಕೆನ್ನುವವರಿಗೆ ಮಾಸ್ಕೋದಲ್ಲೂ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲೂ ಅವಕಾಶವಿದೆ. ಆದರೆ ಆ ಫಿರಂಗಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಪ್ರಯಾಣ ಎಷ್ಟೇ ದೀರ್ಘವಾದರೂ ರಷ್ಯಾದ ಪೆಸಿಫಿಕ್ ತೀರದ ವ್ಲಾದಿವಸ್ತೋಕ್‌ಗೇ ಹೋಗಬೇಕು. ಅಲ್ಲಿನ ರುಸ್ಕಿ ದ್ವೀಪದಲ್ಲಿರುವ ವರೊಶಿಲೊವ್ ಬ್ಯಾಟರಿಯಲ್ಲಿ, ಅಂದರೆ ಕರಾವಳಿ ಕಾಯುವ ಫಿರಂಗಿ ನೆಲೆಯಲ್ಲಿ, ‘ಪೊಲ್ತಾವಾ’ ಎಂಬ ಯುದ್ಧನೌಕೆಯ ಎರಡು ಗೋಪುರಗಳು (ಫಿರಂಗಿಗಳನ್ನು ಹೊತ್ತು ಸುತ್ತುವ ಉಕ್ಕಿನ ಗೂಡುಗಳು), ಗೋಪುರಕ್ಕೆ ಮೂರರಂತೆ ಆರು ಫಿರಂಗಿಗಳು ಮತ್ತು ಅವುಗಳ ಕೆಳಗಿನ ಮದ್ದಿನ ಕೋಣೆಗಳು ಒಟ್ಟಾಗಿ ಉಳಿದುಕೊಂಡಿವೆ.

ಹೊರಡುವ ಮುನ್ನ ಈ ಫಿರಂಗಿಯ ಹಿನ್ನೆಲೆಯನ್ನು ಸ್ವಲ್ಪ ಓದಿಕೊಂಡು ಹೋಗುವುದು ಒಳ್ಳೆಯದು. ಇಲ್ಲವಾದರೆ ಅಲ್ಲಿ ಕಾಣುವುದು ಬರೀ ಉಕ್ಕಿನ ರಾಶಿ. 1905ರಲ್ಲಿ ತ್ಸುಶಿಮಾದಲ್ಲಿ ಜಪಾನಿನ ಕೈಯಲ್ಲಿ ಹೀನಾಯವಾಗಿ ಸೋತ ಮೇಲೆ ರಷ್ಯಾ ತನ್ನ ನೌಕಾಪಡೆಯನ್ನು ಬುಡದಿಂದಲೇ ಕಟ್ಟಬೇಕಾಯಿತು. ಹೊಸ ಯುದ್ಧನೌಕೆಗಳಿಗೆಂದು ಸೇಂಟ್ ಪೀಟರ್ಸ್‌ಬರ್ಗ್‌ನ ಒಬುಖೊವ್ ಕಾರ್ಖಾನೆ ರೂಪಿಸಿದ್ದು 305 ಮಿಲಿಮೀಟರ್ ಬಾಯಿಯ, ಅದರ 52 ಪಟ್ಟು ಉದ್ದದ, ಅಂದರೆ ಹದಿನೈದು ಮೀಟರಿಗೂ ಮೀರಿದ ನಳಿಕೆಯನ್ನು. ಒಂದು ನಳಿಕೆಯ ತೂಕವೇ ಸುಮಾರು 50 ಟನ್. ಮೊದಲಿಗೆ ಇದ್ದ ವಿಚಾರ ಸುಮಾರು 331 ಕಿಲೋಗ್ರಾಂ ತೂಕದ ಹಗುರವಾದ ಗುಂಡನ್ನು ಅತಿ ವೇಗದಲ್ಲಿ ಹಾರಿಸುವುದು. ಆದರೆ ಹಗುರ ಗುಂಡು ದೂರ ಹೋದಂತೆಲ್ಲ ಗಾಳಿಯ ತಡೆಗೆ ಸಿಕ್ಕು ಬೇಗ ಸೊರಗುತ್ತದೆ, ಜೊತೆಗೆ ಅತಿವೇಗಕ್ಕೆ ಬೇಕಾದ ಮದ್ದಿನ ಉರಿ ನಳಿಕೆಯ ಒಳಮೈಯನ್ನು ಬೇಗ ಸವೆಸುತ್ತದೆ. ಹಾಗಾಗಿ 1911ರಲ್ಲಿ 470.9 ಕಿಲೋಗ್ರಾಂ ತೂಕದ ಗುಂಡನ್ನು ಅಳವಡಿಸಿಕೊಂಡು, ಗುಂಡು ನಳಿಕೆಯ ಬಾಯಿಂದ ಹೊರಬೀಳುವಾಗಿನ ವೇಗವನ್ನು ಸೆಕೆಂಡಿಗೆ 762 ಮೀಟರ್‌ಗೆ ಇಳಿಸಲಾಯಿತು. ಆ ಕಾಲದ ಹನ್ನೆರಡು ಅಂಗುಲದ ಗುಂಡುಗಳಲ್ಲಿ ಅದು ಅತ್ಯಂತ ಭಾರದವುಗಳ ಸಾಲಿಗೆ ಸೇರಿತ್ತು. ಹೆಚ್ಚಿನ ವೇಗಕ್ಕೆಂದು ಗಟ್ಟಿಯಾಗಿ ಕಟ್ಟಿದ್ದ ನಳಿಕೆ ಈ ಭಾರವನ್ನು ತಡೆದುಕೊಂಡಿತು. ಈ ಫಿರಂಗಿ ಎರಡು ಮಹಾಯುದ್ಧಗಳಲ್ಲೂ ದುಡಿಯುವಂತಾದದ್ದಕ್ಕೆ ಈ ಬದಲಾವಣೆಯೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

1909ರಲ್ಲಿ ಅಡಿಗಟ್ಟು ಹಾಕಿ 1914ರ ಕೊನೆಯ ಹೊತ್ತಿಗೆ ಸೇವೆಗೆ ಇಳಿಸಿದ ಪೊಲ್ತಾವಾದಲ್ಲಿ ನಾಲ್ಕು ಗೋಪುರಗಳಿದ್ದವು. 1919ರ ನವೆಂಬರ್‌ನಲ್ಲಿ, ಪೆತ್ರೊಗ್ರಾದ್‌ನಲ್ಲಿ (ಆಗಿನ ಸೇಂಟ್ ಪೀಟರ್ಸ್‌ಬರ್ಗ್) ಸುಮ್ಮನೆ ನಿಂತಿದ್ದಾಗ, ಬಾಯ್ಲರ್ ಕೋಣೆಯಲ್ಲಿ ಹೊತ್ತಿಕೊಂಡ ಬೆಂಕಿಯಿಂದ ಹಡಗು ಹಾಳಾಯಿತು. ಮುಂದೆ ಅದನ್ನು ದುರಸ್ತಿ ಮಾಡುವ ಯೋಜನೆಗಳು ಯಾವುವೂ ಪೂರ್ಣಗೊಳ್ಳಲಿಲ್ಲ. ಹಡಗು ಹೋದರೂ ಗೋಪುರಗಳು ಉಳಿದವು. 1931ರಲ್ಲಿ ಜಪಾನ್ ಮಂಚೂರಿಯಾವನ್ನು ಆಕ್ರಮಿಸಿಕೊಂಡಾಗ ಪೆಸಿಫಿಕ್ ಕರಾವಳಿಯ ರಕ್ಷಣೆ ತುರ್ತಿನ ವಿಷಯವಾಯಿತು. ಎರಡು ಗೋಪುರಗಳನ್ನು ಬಿಚ್ಚಿ, ಬಾಲ್ಟಿಕ್ ತೀರದಿಂದ ಇಡೀ ದೇಶವನ್ನು ದಾಟಿಸಿ, ರುಸ್ಕಿ ದ್ವೀಪದ ಬೆಟ್ಟದಲ್ಲಿ ಕಾಂಕ್ರೀಟಿನ ಆಳವಾದ ಬಾವಿಗಳಲ್ಲಿ ಕೂರಿಸಲಾಯಿತು. ಯುದ್ಧದಲ್ಲಿ ಅವು ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸಲಿಲ್ಲ. 1990ರ ದಶಕದ ಕೊನೆಯವರೆಗೂ ಸೇವೆಯಲ್ಲಿದ್ದು, ಅನಂತರ ವಸ್ತುಸಂಗ್ರಹಾಲಯವಾದವು.

ಇನ್ನು ಪ್ರಯಾಣದ ವಿಚಾರ. ಭಾರತೀಯರಿಗೆ ರಷ್ಯಾದ ಇ-ವೀಸಾ ಸಿಗುತ್ತದೆ ಮತ್ತು ವ್ಲಾದಿವಸ್ತೋಕ್ ವಿಮಾನ ನಿಲ್ದಾಣದ ಮೂಲಕ ಒಳಬರಲು ಅದು ನಡೆಯುತ್ತದೆ. ಆದರೆ ಎಷ್ಟು ದಿನ ತಂಗಬಹುದೆಂಬ ನಿಯಮ ಬದಲಾಗುತ್ತಿರುವುದರಿಂದ ಅರ್ಜಿ ಹಾಕುವಾಗ ರಷ್ಯಾದ ಸರ್ಕಾರಿ ಜಾಲತಾಣವನ್ನೇ ನೋಡಿಕೊಳ್ಳಿ. ಬೆಂಗಳೂರಿನಿಂದ ಹೊರಟವರು ಮಾಸ್ಕೋ ಮೂಲಕ ಹೋಗುವುದಾದರೆ, ಅಲ್ಲಿಂದ ಮುಂದೆ ಮತ್ತೆ ಎಂಟು ಗಂಟೆಗೂ ಹೆಚ್ಚಿನ ವಿಮಾನಯಾನ ಮತ್ತು ಏಳು ಗಂಟೆಗಳ ಸಮಯ ವ್ಯತ್ಯಾಸ ಇರುವುದನ್ನು ಲೆಕ್ಕದಲ್ಲಿಟ್ಟು, ತಲುಪಿದ ಮರುದಿನವನ್ನು ಖಾಲಿ ಬಿಡುವುದು ಕ್ಷೇಮ. ನಮ್ಮ ಬ್ಯಾಂಕುಗಳು ಕೊಟ್ಟಿರುವ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಪಾವತಿ ಕಾರ್ಡುಗಳು 2022ರಿಂದ ಅಲ್ಲಿ ನಡೆಯುವುದಿಲ್ಲ. ಇಡೀ ಪ್ರವಾಸಕ್ಕೆ ಸಾಲುವಷ್ಟು ಡಾಲರ್ ಅಥವಾ ಯೂರೋ ನಗದನ್ನು ಹೊಸ ನೋಟುಗಳಲ್ಲಿ ಒಯ್ಯಬೇಕು. ರಷ್ಯನ್ ಅನುವಾದದ ಆ್ಯಪನ್ನು ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವಂತೆ ಮನೆಯಲ್ಲೇ ಇಳಿಸಿಕೊಳ್ಳಿ.

ಕಾಲದ ಆಯ್ಕೆಯಲ್ಲಿ ಎಚ್ಚರ ಬೇಕು. ಜೂನ್, ಜುಲೈನಲ್ಲಿ ಸಮುದ್ರದ ಮಂಜು ಊರನ್ನೆಲ್ಲ ಮುಚ್ಚಿಬಿಡುತ್ತದೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಆಕಾಶ ಶುಭ್ರವಾಗಿದ್ದು, ಫಿರಂಗಿಗಳು ಕಾಯುತ್ತಿದ್ದ ಸಮುದ್ರದ ಹರವು ಪೂರ್ತಿಯಾಗಿ ಕಾಣುತ್ತದೆ. ದ್ವೀಪಕ್ಕೆ ಈಗ ದೋಣಿ ಬೇಕಿಲ್ಲ. ನಡುವಿನ ಎರಡು ಕಂಬಗಳ ನಡುವೆ 1104 ಮೀಟರ್ ಅಂತರವಿರುವ, 2012ರಲ್ಲಿ ತೆರೆದ ತೂಗುತಂತಿಯ ಸೇತುವೆಯ ಮೇಲೆ ರಸ್ತೆಯಲ್ಲೇ ಹೋಗಬಹುದು. ಬ್ಯಾಟರಿ ಸೇತುವೆಯಿಂದ ದೂರ ಇರುವುದರಿಂದ ಹೋಗಿಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಟ್ಯಾಕ್ಸಿ ಮಾತಾಡಿಕೊಳ್ಳುವುದೇ ಸರಿ. ವಾರದ ರಜೆ ಯಾವ ದಿನವೆಂದು ಹೋಟೆಲಿನವರಿಂದ ಫೋನ್ ಮಾಡಿಸಿ ಖಚಿತಪಡಿಸಿಕೊಳ್ಳಿ. ಸಸ್ಯಾಹಾರಿಗಳು ನಗರದಿಂದಲೇ ಊಟ ಕಟ್ಟಿಸಿಕೊಂಡು ಹೋಗಬೇಕು. ಆ ಪ್ರದೇಶದ ಹುಲ್ಲುಗಾವಲಿನಲ್ಲಿ ರಕ್ತ ಹೀರುವ ಉಣ್ಣಿಹುಳುಗಳ ಕಾಟವಿದೆ, ಅವುಗಳಿಂದ ಮೆದುಳುಜ್ವರ ಹರಡುತ್ತದೆ. ವಸಂತದಲ್ಲೋ ಬೇಸಿಗೆಯಲ್ಲೋ ಹೋಗುವವರು ಉದ್ದ ಪ್ಯಾಂಟು, ಮುಚ್ಚಿದ ಶೂ ಹಾಕಲೇಬೇಕು. ದ್ವೀಪದಲ್ಲಿ ಈಗಲೂ ಸೈನ್ಯದ ನೆಲೆಗಳಿರುವುದರಿಂದ ವಸ್ತುಸಂಗ್ರಹಾಲಯದ ಆವರಣದ ಹೊರಗೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಬ್ಯಾಟರಿಗೆ ಬಂದವರು ಮೂರು ನಳಿಕೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹಿಂದಿರುಗುವುದನ್ನು ನೋಡಿ ನನಗೆ ಬೇಸರವಾಯಿತು. ಸಮಯವನ್ನೆಲ್ಲ ಕೆಳಗೆ ಕಳೆಯಬೇಕು. ಮದ್ದಿನ ಕೋಣೆಯಿಂದ ಶುರುಮಾಡಿ ಗುಂಡಿನ ದಾರಿಯನ್ನೇ ಹಿಡಿದು ಮೇಲಕ್ಕೆ ಬರುವುದು ಉತ್ತಮ ಕ್ರಮ. ಅರ್ಧ ಟನ್ನಿಗೆ ಹತ್ತಿರದ ಗುಂಡನ್ನು ಮನುಷ್ಯ ಎತ್ತಲಾರ. ಅದನ್ನು ಯಂತ್ರದಿಂದ ಎತ್ತಿ, ಗೋಪುರದೊಡನೆ ಸುತ್ತುವ ಏರುಗೂಡಿಗೆ ಸೇರಿಸಿ, ನಳಿಕೆಯ ಹಿಂಭಾಗದ ಎತ್ತರಕ್ಕೆ ತರಬೇಕು. ಅದರ ಹಿಂದೆಯೇ, 130 ಕಿಲೋಗ್ರಾಮಿಗೂ ಮಿಗಿಲಾದ ಮದ್ದು ಎರಡು ಅರೆಪಾಲುಗಳಾಗಿ ಚೀಲದಲ್ಲಿ ಬರುತ್ತದೆ. ಗೋಪುರದೊಳಗೆ ನಳಿಕೆಯ ಹಿಂಬಾಗಿಲಿನ ಬಳಿ ನಿಂತು ನೋಡಿ: ಆ ದಪ್ಪ ಉಕ್ಕಿನ ಬಿರಡೆಯ ಸುತ್ತ ಕೊರೆದ ತಿರುಪಿನ ಮರೆಗಳನ್ನು ಅಲ್ಲಲ್ಲಿ ಬೇಕೆಂದೇ ಕತ್ತರಿಸಿ ತೆಗೆದಿದ್ದಾರೆ, ಹಾಗಾಗಿ ಪೂರ್ತಿ ತಿರುಗಿಸುವ ಅಗತ್ಯವಿಲ್ಲದೆ ಸ್ವಲ್ಪವೇ ಹೊರಳಿಸಿದರೆ ಅದು ಬಿಗಿಯಾಗುತ್ತದೆ. ನಿಮಿಷಕ್ಕೆ ಎರಡು ಗುಂಡಿನ ಹತ್ತಿರದ ವೇಗ ಸಾಧ್ಯವಾದದ್ದರಲ್ಲಿ ಈ ಬಾಗಿಲಿನ ಪಾಲೂ ದೊಡ್ಡದು. ಅಲ್ಲಿ ಮೂವರು ಒಟ್ಟಿಗೆ ನಿಂತರೆ ಭುಜಕ್ಕೆ ಭುಜ ತಾಗುತ್ತದೆ. ಗ್ರೀಸಿನ ವಾಸನೆ ಇನ್ನೂ ಹೋಗಿಲ್ಲ. ಬೇಸಿಗೆಯಲ್ಲೂ ಕೆಳಗೆ ಚಳಿ ಇರುವುದರಿಂದ ಸ್ವೆಟರ್ ಬೇಕು, ಏಣಿಗಳು ಕಡಿದಾಗಿರುವುದರಿಂದ ಮಂಡಿನೋವಿನವರು ಮೇಲಿನ ಹಂತಗಳಲ್ಲೇ ನಿಲ್ಲುವುದು ಒಳ್ಳೆಯದು.

ಪೊಲ್ತಾವಾದ ಉಳಿದ ಎರಡು ಗೋಪುರಗಳನ್ನು 1950ರ ದಶಕದಲ್ಲಿ ಕ್ರಿಮಿಯಾದ ಸೆವಾಸ್ತೊಪೊಲ್‌ನ 30ನೇ ಬ್ಯಾಟರಿಯನ್ನು ಮರಳಿ ಕಟ್ಟುವಾಗ ಬಳಸಿಕೊಂಡರು. ಈಗಿನ ಉಕ್ರೇನ್ ಯುದ್ಧದ ಸ್ಥಿತಿಯಲ್ಲಿ ಅತ್ತ ಹೋಗುವ ಯೋಚನೆಯನ್ನೇ ಮಾಡಬಾರದು.

ವ್ಲಾದಿವಸ್ತೋಕ್‌ವರೆಗೆ ಹೋಗಲಾಗದವರು ಮಾಸ್ಕೋದ ಪೊಕ್ಲೊನ್ನಾಯಾ ಗುಡ್ಡದ ವಿಜಯ ಉದ್ಯಾನದಲ್ಲಿ, ಇಲ್ಲವೇ ಸೇಂಟ್ ಪೀಟರ್ಸ್‌ಬರ್ಗ್‌ನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ, ರೈಲುಗಾಡಿಯ ಮೇಲೆ ಕೂರಿಸಿದ ಇದೇ ಜಾತಿಯ ಫಿರಂಗಿಯನ್ನು ನೋಡಬಹುದು. ರೈಲು ಫಿರಂಗಿಗಳನ್ನು ಮಾಡಿದ್ದು 1916ರಲ್ಲಿ ಸೆವಾಸ್ತೊಪೊಲ್‌ನಲ್ಲಿ ಸ್ಫೋಟಗೊಂಡು ಮುಳುಗಿದ ‘ಇಂಪೆರಾತ್ರಿತ್ಸಾ ಮರಿಯಾ’ ನೌಕೆಯಿಂದ ಮೇಲೆತ್ತಿದ ನಳಿಕೆಗಳಿಂದ. ಆ ಬಗೆಯ ಮೂರು ಫಿರಂಗಿಗಳು ಫಿನ್ಲೆಂಡಿನ ಹಾಂಕೊದಲ್ಲಿ ಸೋವಿಯತ್ ಪಡೆಯ ಜೊತೆಗಿದ್ದು, 1941ರಲ್ಲಿ ಆ ಪಡೆ ಹಿಂದೆ ಸರಿಯುವಾಗ ಕೆಡಿಸಲ್ಪಟ್ಟು, ಫಿನ್ಲೆಂಡಿನವರ ಕೈಯಲ್ಲಿ ದುರಸ್ತಿಯಾಗಿ, ಯುದ್ಧದ ಕೊನೆಯಲ್ಲಿ ಮತ್ತೆ ಸೋವಿಯತ್ ಒಕ್ಕೂಟಕ್ಕೆ ಮರಳಿದವು. ಪೀಟರ್ಸ್‌ಬರ್ಗ್‌ನ ವಸ್ತುಸಂಗ್ರಹಾಲಯ ಬಾಲ್ಟಿಕ್ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಮೆಟ್ರೋದಲ್ಲಿ ‘ಬಾಲ್ತಿಸ್ಕಾಯಾ’ದಲ್ಲಿ ಇಳಿದು ನಡೆದೇ ಹೋಗಬಹುದು.